ವಿಧಿಯ ಮಾತು, ಕವಿಯ ಸಾಕ್ಷಿ

ಬೀದರ ಜಿಲ್ಲೆಯ ನಿರ್ಣಾ ಗ್ರಾಮದ ಕಡೆಯಿಂದ ಹುಮನಾಬಾದು, ಬಸವಕಲ್ಯಾಣಗಳನ್ನು ನೋಡಲು ನೀವು ಎಂದಾದರೂ ಹೊರಟರೆ, ಸ್ವಲ್ಪ ದಾರಿ ಬಳಸಿದರೂ ಚಿಂತೆಯಿಲ್ಲ, ಹುಮನಾಬಾದಿಗೆ ಹತ್ತಿರದ ಜಲಸಂಗ್ವಿಯ ಗುಡಿಯನ್ನು ನೋಡಿಕೊಂಡು ಬನ್ನಿ. ಕಲ್ಯಾಣದ ಚಾಲುಕ್ಯರ ಕಾಲದ ಶಿವಾಲಯವದು. ಅದರ ಹೊರಗೋಡೆಯ ಮೇಲೆ ಕಲ್ಲಿನ ಚೆಲುವೆಯರು ಹಲವರು ನಿಂತಿದ್ದಾರೆ. ಅವರಲ್ಲಿ ಒಬ್ಬಳು ಫಲಕವೊಂದರ ಮೇಲೆ ಅಕ್ಷರಗಳನ್ನು ಬರೆಯುತ್ತಿದ್ದಾಳೆ. ಶಿಲ್ಪಿ ಅವಳಿಂದ ಬರಿಯ ಗೀಟುಗಳನ್ನು ಎಳೆಯಿಸಿಲ್ಲ; ನಿಜವಾದ ಸಂಸ್ಕೃತ ವಾಕ್ಯವನ್ನೇ ಬರೆಯಿಸಿದ್ದಾನೆ. ಏಳು ದ್ವೀಪಗಳನ್ನು ಒಳಗೊಂಡ ಭೂಮಂಡಲವನ್ನು ಚಾಲುಕ್ಯ ವಿಕ್ರಮಾದಿತ್ಯನು ತನ್ನದಾಗಿ ಮಾಡಿಕೊಳ್ಳುವನು ಎಂಬುದು ಅದರ ತಾತ್ಪರ್ಯ.

ಮಾಡಿಕೊಳ್ಳುವನು! ಕ್ರಿಯಾಪದ ಭವಿಷ್ಯತ್ಕಾಲದಲ್ಲಿದೆ. ಆದರೆ ಈ ಶಿಲ್ಪವನ್ನು ಕಡೆದ ಹೊತ್ತಿಗೆ ವಿಕ್ರಮಾದಿತ್ಯನು ಆಗಲೇ ಸಿಂಹಾಸನದ ಮೇಲಿದ್ದ ದೊರೆ. ಆಗಿಹೋದದ್ದನ್ನು ಆಗಲಿರುವಂತೆ ಬರೆದರೆ ಅದು ಸುದ್ದಿಯಾಗಿ ಉಳಿಯುವುದಿಲ್ಲ, ವಿಧಿಯಾಗುತ್ತದೆ. ಹಾಗೆ ಬರೆದವಳ ಮುಖದಲ್ಲಿ ಮಾತ್ರ ಯಾವ ಅಳುಕೂ ಇಲ್ಲ.

ಆ ಕಲ್ಲಿನ ಲೇಖಕಿಯನ್ನು ನೋಡಿದಾಗ ಹಳೆಯ ಕಾವ್ಯಗಳ ಬಗೆಗೆ ಒಂದು ಪ್ರಶ್ನೆ ಏಳುತ್ತದೆ. ಹಳೆಯ ಕಥೆಗಳ ಕೊನೆ ನಮಗೆ ಮೊದಲೇ ಗೊತ್ತು. ದುರ್ಯೋಧನನ ತೊಡೆ ಮುರಿಯುವುದು ಗೊತ್ತು. ಕಂಸನು ಸಾಯುವುದು ಗೊತ್ತು. ಆಕಾಶವಾಣಿಯೋ ಶಾಪವೋ ಜ್ಯೋತಿಷವೋ ಕಥೆಯ ಆರಂಭದಲ್ಲಿಯೇ ಎಲ್ಲವನ್ನೂ ಹೇಳಿಬಿಟ್ಟಿರುತ್ತದೆ. ಹೀಗಿದ್ದೂ ನಾವು ಉಸಿರು ಬಿಗಿಹಿಡಿದು ಓದುತ್ತೇವಲ್ಲ, ಏತಕ್ಕೆ? ಕೊನೆ ತಿಳಿದ ಮೇಲೆ ಉಳಿಯುವ ಕುತೂಹಲ ಯಾವುದು?

ಉಳಿಯುವುದು ಎರಡು ಸಂದೇಹಗಳು. ಇದನ್ನು ನಿಜವಾಗಿ ಮಾಡಿದವರು ಯಾರು, ವಿಧಿಯೋ ಮನುಷ್ಯನೋ ಎಂಬುದು ಒಂದು. ಇದನ್ನು ನಮಗೆ ಹೇಳುತ್ತಿರುವವನನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬುದು ಮತ್ತೊಂದು. ಈ ಎರಡು ಸಂದೇಹಗಳು ಒಂದನ್ನೊಂದು ಹೊಸೆದುಕೊಂಡಾಗ ಕಥೆಯ ಹುರಿ ಬಿಗಿಯಾಗುತ್ತದೆ. ಇದಕ್ಕೆ ಉದಾಹರಣೆ ಹುಡುಕಿಕೊಂಡು ನಾವು ಗ್ರೀಸು, ಇಂಗ್ಲೆಂಡುಗಳ ತನಕ ಹೋಗಬೇಕಾಗಿಲ್ಲ. ಕಲ್ಯಾಣ ಪಟ್ಟಣದಲ್ಲಿಯೇ, ಜಲಸಂಗ್ವಿಯ ಲೇಖಕಿ ಹೊಗಳಿದ ಅದೇ ವಿಕ್ರಮಾದಿತ್ಯನ ಆಸ್ಥಾನದಲ್ಲಿ, ಅಂಥ ಕಾವ್ಯವೊಂದು ಹುಟ್ಟಿತು. ಅದು ಬಿಲ್ಹಣನ ‘ವಿಕ್ರಮಾಂಕದೇವಚರಿತ’.

ಬಿಲ್ಹಣ ನಮ್ಮ ನಾಡಿನವನಲ್ಲ. ಕಾಶ್ಮೀರದ ಖೋನಮುಖವೆಂಬ ಊರು ಅವನದು. ತಂದೆ ಜ್ಯೇಷ್ಠಕಲಶ, ತಾಯಿ ನಾಗಾದೇವಿ. ಕಲಶರಾಜನು ಕಾಶ್ಮೀರವನ್ನು ಆಳುತ್ತಿದ್ದಾಗ ಊರು ಬಿಟ್ಟು ಹೊರಟ ಈ ಪಂಡಿತ ಮಥುರೆ, ಕನ್ಯಾಕುಬ್ಜ, ಪ್ರಯಾಗ, ಕಾಶಿಗಳನ್ನು ಕಂಡನು. ಡಾಹಲದ ಕರ್ಣರಾಜನ ಆಸ್ಥಾನದಲ್ಲಿ ಇದ್ದನು. ಗುಜರಾತಿಗೆ ಹೋಗಿ ಸೋಮನಾಥನನ್ನು ನೋಡಿದನು. ದಕ್ಷಿಣದ ಸೇತುವಿನ ತನಕ ಅಲೆದನು. ಕೊನೆಗೆ ಅವನ ಗಂಟು ಇಳಿದದ್ದು ಕಲ್ಯಾಣದಲ್ಲಿ. ಚಾಲುಕ್ಯ ದೊರೆ ಅವನನ್ನು ವಿದ್ಯಾಪತಿಯನ್ನಾಗಿ ಮಾಡಿದನು. ಅನ್ನ ಕೊಟ್ಟ ಒಡೆಯನ ಕಥೆಯನ್ನು ಬಿಲ್ಹಣ 18 ಸರ್ಗಗಳ ಕಾವ್ಯವಾಗಿ ಹಾಡಿದನು. ಆ ಕಾವ್ಯ ನಮ್ಮ ಕಾಲದವರೆಗೆ ಉಳಿದು ಬಂದದ್ದೂ ಒಂದು ಸೋಜಿಗವೇ. 1874ರಲ್ಲಿ ಜರ್ಮನಿಯ ವಿದ್ವಾಂಸ ಬ್ಯೂಲರ್ ರಾಜಸ್ಥಾನದ ಜೈಸಲ್ಮೇರಿನ ಜೈನ ಭಂಡಾರದಲ್ಲಿ ಅದರ ತಾಳೆಯೋಲೆಯ ಪ್ರತಿಯನ್ನು ಕಂಡು, ಮರುವರ್ಷವೇ ಮುಂಬಯಿಯಿಂದ ಅಚ್ಚು ಹಾಕಿಸಿದರು. ಕನ್ನಡ ನಾಡಿನ ದೊರೆಯ ಕಥೆ, ಕಾಶ್ಮೀರದ ಕವಿಯ ಬಾಯಲ್ಲಿ ಹುಟ್ಟಿ, ಮರುಭೂಮಿಯ ಕೋಟೆಯೊಳಗೆ ಉಳಿದುಕೊಂಡಿತು.

ಇನ್ನು ಕಥೆಯನ್ನು ಕೇಳಿ. ಮೊದಲು ಬಿಲ್ಹಣ ಹೇಳುವಂತೆಯೇ ಕೇಳೋಣ.

ಆಹವಮಲ್ಲನೆಂಬ ಬಿರುದಿನ ಒಂದನೆಯ ಸೋಮೇಶ್ವರನಿಗೆ ಬಹುಕಾಲ ಮಕ್ಕಳಿರಲಿಲ್ಲ. ರಾಜನು ಭೋಗವನ್ನು ಬಿಟ್ಟು ಶಿವನನ್ನು ಕುರಿತು ತಪಸ್ಸು ಮಾಡಿದನು. ಆಗ ಆಕಾಶವಾಣಿಯಾಯಿತು: ನಿನಗೆ ಮೂವರು ಗಂಡುಮಕ್ಕಳಾಗುವರು, ಇಬ್ಬರು ನಿನ್ನ ಕರ್ಮಫಲದಿಂದ, ನಡುವಿನವನು ಮಾತ್ರ ನನ್ನ ಪ್ರಸಾದದಿಂದ. ಆ ನಡುವಿನವನೇ ವಿಕ್ರಮಾದಿತ್ಯ. ಅಣ್ಣ ಸೋಮೇಶ್ವರ, ತಮ್ಮ ಜಯಸಿಂಹ. ಮಕ್ಕಳು ಬೆಳೆದ ಮೇಲೆ ತಂದೆ ವಿಕ್ರಮನನ್ನು ಕರೆದು ಯುವರಾಜ ಪಟ್ಟ ಕಟ್ಟಿಕೊಳ್ಳೆಂದನು. ಅಣ್ಣನಿರುವಾಗ ಅದು ನನಗೆ ಸಲ್ಲದೆಂದು ವಿಕ್ರಮನು ಕೈಮುಗಿದನು. ಶಿವನ ಮಾತೇ ಹಾಗಿದೆಯಪ್ಪ ಎಂದು ತಂದೆ ಹೇಳಿದರೂ ಮಗ ಒಪ್ಪಲಿಲ್ಲ. ಪಟ್ಟ ಅಣ್ಣನಿಗಾಯಿತು, ರಾಜ್ಯದ ಭಾರ ಹೊತ್ತು ದಿಗ್ವಿಜಯಕ್ಕೆ ಹೊರಟವನು ಮಾತ್ರ ವಿಕ್ರಮ.

ಅವನು ದೂರದಲ್ಲಿದ್ದಾಗ ತಂದೆಗೆ ದಾಹಜ್ವರ ಬಂತು. ಔಷಧಕ್ಕೆ ಬಗ್ಗಲಿಲ್ಲ. ಆಹವಮಲ್ಲನು ತುಂಗಭದ್ರೆಯ ನೀರಿಗೆ ನಡೆದು, ಶಿವನನ್ನು ನೆನೆಯುತ್ತ ಮುಳುಗಿದನು. ಸುದ್ದಿ ತಿಳಿದು ವಿಕ್ರಮನು ಗೋಳಾಡಿದನು. ಕಲ್ಯಾಣಕ್ಕೆ ಬಂದು, ಗೆದ್ದು ತಂದ ಸಂಪತ್ತನ್ನೆಲ್ಲ ಅಣ್ಣನ ಮುಂದೆ ಸುರಿದನು. ಕೆಲಕಾಲ ಅಣ್ಣತಮ್ಮಂದಿರು ಚೆನ್ನಾಗಿದ್ದರು. ಆಮೇಲೆ ಅಣ್ಣನಿಗೆ ಮದವೇರಿತು, ಅನುಮಾನ ಹುಟ್ಟಿತು, ವಂಶಕ್ಕೆ ಕಳಂಕ ಬರುವಂತಾಯಿತು. ವಿಕ್ರಮನು ತಮ್ಮ ಜಯಸಿಂಹನನ್ನು ಕರೆದುಕೊಂಡು ರಾಜಧಾನಿಯನ್ನು ಬಿಟ್ಟನು. ಬೆನ್ನಟ್ಟಿ ಬಂದ ಅಣ್ಣನ ಸೈನ್ಯವನ್ನು, ಮನಸ್ಸಿಲ್ಲದ ಮನಸ್ಸಿನಿಂದ, ಸದೆಬಡಿದನು. ತುಂಗಭದ್ರೆಯ ದಂಡೆಗೆ ಬಂದಾಗ ಚೋಳರಾಜನು ಸ್ನೇಹ ಬೇಡಿ ಮಗಳನ್ನು ಕೊಟ್ಟನು.

ಮಾವ ಸತ್ತ ಬಳಿಕ ವಿಕ್ರಮನು ಕಂಚಿಗೆ ಹೋಗಿ ಭಾವಮೈದುನನನ್ನು ಸಿಂಹಾಸನದ ಮೇಲೆ ಕೂಡಿಸಿ ಬಂದನು. ಸ್ವಲ್ಪ ದಿನಗಳಲ್ಲಿ ಆ ಹುಡುಗ ದಂಗೆಯಲ್ಲಿ ಸತ್ತು, ವೆಂಗಿಯ ರಾಜಿಗನು ಚೋಳ ಸಿಂಹಾಸನವನ್ನು ಹಿಡಿದನು. ಚರಿತ್ರೆಯಲ್ಲಿ ಒಂದನೆಯ ಕುಲೋತ್ತುಂಗನೆಂದು ಹೆಸರಾದವನೇ ಈ ರಾಜಿಗ. ಅವನ ಮೇಲೆ ವಿಕ್ರಮನು ದಂಡೆತ್ತಿ ಹೋದಾಗ, ಬೆನ್ನ ಹಿಂದಿನಿಂದ ಅಣ್ಣ ಸೋಮೇಶ್ವರನೇ ವೈರಿಯ ಪಕ್ಷ ಹಿಡಿದು ಬಂದನು. ಒಡಹುಟ್ಟಿದವನ ಮೇಲೆ ಕತ್ತಿ ಎತ್ತುವುದು ಹೇಗೆ? ವಿಕ್ರಮನು ಹಿಂಜರಿದನು. ರಾತ್ರಿ ಕನಸಿನಲ್ಲಿ ಶಿವನು ಕಾಣಿಸಿಕೊಂಡು ಯುದ್ಧ ಮಾಡೆಂದು ಆಜ್ಞಾಪಿಸಿದನು. ಯುದ್ಧವಾಯಿತು. ರಾಜಿಗ ಓಡಿದನು, ಸೋಮೇಶ್ವರ ಸೆರೆಸಿಕ್ಕಿದನು. ಈಗಲಾದರೂ ಅಣ್ಣನಿಗೆ ರಾಜ್ಯವನ್ನು ಹಿಂದಿರುಗಿಸೋಣವೆಂದು ವಿಕ್ರಮನು ಯೋಚಿಸಿದಾಗ, ಶಿವನು ಮತ್ತೆ ಬಂದು, ಈ ಸಲ ಸಿಟ್ಟಿನಿಂದ, ನೀನೇ ಆಳಬೇಕೆಂದನು. ದೇವರ ಮಾತಿಗೆ ಎದುರಾಡುವವರುಂಟೆ? ವಿಕ್ರಮನು ಪಟ್ಟವೇರಿದನು. ಅದು 1076ನೆಯ ಇಸವಿ. ಶಕವರ್ಷದ ರೂಢಿಯನ್ನು ಬದಿಗಿಟ್ಟು ತನ್ನ ಹೆಸರಿನ ಚಾಲುಕ್ಯ ವಿಕ್ರಮ ವರ್ಷವನ್ನೇ ಆರಂಭಿಸಿ, 1126ರವರೆಗೆ ಐವತ್ತು ವರ್ಷ ಆಳಿದನು.

ಕಥೆ ಸೊಗಸಾಗಿದೆ. ಓದುವಾಗ ವಿಕ್ರಮನ ಮೇಲೆ ಮರುಕ ಹುಟ್ಟುತ್ತದೆ. ರಾಜ್ಯ ಬೇಡವೆಂದು ಕೈಕೊಡವಿ ನಿಂತವನನ್ನು ವಿಧಿ ಹೇಗೆ ಹೆಜ್ಜೆ ಹೆಜ್ಜೆಗೂ ಸಿಂಹಾಸನದ ಕಡೆಗೆ ನೂಕುತ್ತದೆ ನೋಡಿ! ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕವನ್ನು ನೀವು ಬಲ್ಲಿರಿ. ನೀನು ರಾಜನಾಗುವೆ ಎಂದು ಮಾಟಗಾತಿಯರು ಹೇಳುತ್ತಾರೆ. ಆ ಮಾತು ಮ್ಯಾಕ್‌ಬೆತ್ತನ ಎದೆಯಲ್ಲಿ ಆಸೆಯ ಕಿಡಿ ಹೊತ್ತಿಸುತ್ತದೆ. ಕೊಲೆ ಮಾತ್ರ ಅವನದೇ ಕೈಯ ಕೆಲಸ. ಅಲ್ಲಿ ಭವಿಷ್ಯವಾಣಿ ಪ್ರಲೋಭನೆ. ಬಿಲ್ಹಣನಲ್ಲಿ ಅದು ಅಪ್ಪಣೆ. ಆಸೆಯ ಸೋಂಕೇ ಇಲ್ಲದ ನಾಯಕನಿಗೆ ದೇವರು ಬಲವಂತವಾಗಿ ರಾಜ್ಯ ಕಟ್ಟುತ್ತಾನೆ.

ಆದರೆ ಒಂದು ಕೆಲಸ ಮಾಡಿ. ಕಥೆಯನ್ನು ಮತ್ತೊಮ್ಮೆ ನೆನೆದು, ದೇವರು ಎಲ್ಲೆಲ್ಲಿ ಮಾತಾಡುತ್ತಾನೆಂಬುದನ್ನು ಗುರುತು ಹಾಕಿಕೊಳ್ಳಿ. ಹಿರಿಯನನ್ನು ಬಿಟ್ಟು ನಡುವಿನವನಿಗೆ ರಾಜ್ಯದ ಹಕ್ಕು ಎಲ್ಲಿಂದ ಬಂತೆಂದು ಜನ ಕೇಳಬಹುದಾದ ಕಡೆ, ಹುಟ್ಟುವ ಮೊದಲೇ, ಆಕಾಶವಾಣಿ. ಅಣ್ಣನ ಮೇಲೆ ಯಾಕೆ ಯುದ್ಧ ಮಾಡಿದೆಯೆಂದು ಕೇಳಬಹುದಾದ ಕಡೆ ಕನಸು. ಗೆದ್ದ ಮೇಲಾದರೂ ಅಣ್ಣನನ್ನು ಬಿಡಬಹುದಾಗಿತ್ತಲ್ಲ ಎಂದು ಕೇಳಬಹುದಾದ ಕಡೆ ಮತ್ತೊಂದು ಕನಸು. ಲೋಕ ಪ್ರಶ್ನೆ ಎತ್ತಬಹುದಾದ ಜಾಗಗಳಲ್ಲೆಲ್ಲ ಶಿವನು ಉತ್ತರ ಹೇಳುತ್ತಾನೆ. ಕನಸಿಗೆ ಮಾತ್ರ ಸಾಕ್ಷಿ ಯಾರು? ಕಂಡವನೊಬ್ಬನೇ.

ಇನ್ನೂ ಒಂದು ಮಾತು ಉಂಟು. ಕೆಲವು ವರ್ಷಗಳ ಬಳಿಕ, 1080ರ ದಶಕದ ಮೊದಲಲ್ಲಿ, ತಮ್ಮ ಜಯಸಿಂಹನೂ ತಿರುಗಿಬಿದ್ದನು. ವಿಕ್ರಮನೇ ಅವನಿಗೆ ಬನವಾಸಿಯ ಆಡಳಿತವನ್ನು ಕೊಟ್ಟಿದ್ದನು. ಅಣ್ಣನ ವಿರುದ್ಧ ತಮ್ಮ ಸೈನ್ಯ ಕೂಡಿಸಿ, ದ್ರಾವಿಡರಾಜನ ಸ್ನೇಹ ಬಯಸಿ, ಕೃಷ್ಣಾ ನದಿಯ ದಂಡೆಗೆ ಬಂದನು. ವಿಕ್ರಮನು ಹಿಂದೆ ಮಾಡಿದ್ದೂ ಹೆಚ್ಚುಕಡಮೆ ಇದನ್ನೇ ಅಲ್ಲವೆ? ಆದರೆ ಜಯಸಿಂಹನ ಕನಸಿನಲ್ಲಿ ಯಾವ ದೇವರೂ ಬರಲಿಲ್ಲ. ಅವನ ಹುಟ್ಟಿಗೆ ಕರ್ಮಫಲವೆಂದು ಕವಿ ಮೊದಲೇ ಚೀಟಿ ಅಂಟಿಸಿದ್ದಾನೆ. ಅವನು ಪ್ರಜೆಗಳನ್ನು ಪೀಡಿಸಿದ ದ್ರೋಹಿ. ಸೋತು ಸೆರೆಸಿಕ್ಕಿದಾಗ ಅಣ್ಣ ಅವನೊಡನೆ ಮೃದುವಾಗಿ ಮಾತನಾಡುತ್ತಾನೆ. ತಮ್ಮಂದಿರು ಇಬ್ಬರು, ಕೃತ್ಯ ಒಂದೇ. ಗೆದ್ದವನದು ವಿಧಿಯ ವಿಲಾಸ, ಸೋತವನದು ದುರ್ಬುದ್ಧಿ. ಬಿಲ್ಹಣನ ತಕ್ಕಡಿ ಎತ್ತ ವಾಲಿದೆಯೆಂಬುದು ಇಲ್ಲಿ ಕಣ್ಣಿಗೆ ಬೀಳುತ್ತದೆ.

ಹಾಗಾದರೆ ಬೇರೆ ಸಾಕ್ಷಿಗಳು ಏನು ಹೇಳುತ್ತಾರೆ?

ಚೋಳ ವೀರರಾಜೇಂದ್ರನ ತಮಿಳು ಶಾಸನಗಳನ್ನು ಕೇಳಿ. ಅವನೇ ವಿಕ್ರಮನ ಮಾವ. ಬಿಲ್ಹಣನ ಪ್ರಕಾರ ಅವನು ತಾನಾಗಿ ಬಂದು ಸ್ನೇಹ ಬೇಡಿದವನು. ಶಾಸನದ ಪ್ರಕಾರ ವಿಕ್ರಮನೇ ಅವನ ಆಶ್ರಯ ಕೋರಿ ಬಂದವನು; ಸೋಮೇಶ್ವರನನ್ನು ಕನ್ನಡ ನಾಡಿನಿಂದ ಅಟ್ಟಿ, ವಿಕ್ರಮನ ಕೊರಳಿಗೆ ಕಂಠಿಕೆಯನ್ನು ಕಟ್ಟಿ, ರಟ್ಟಪಾಡಿ ಏಳೂವರೆ ಲಕ್ಷವನ್ನು ಗೆದ್ದು ಕೊಟ್ಟವನು ಚೋಳನು. ಅಣ್ಣನಿರುವಾಗ ಒಲ್ಲೆನೆಂದು ತಂದೆಯ ಮುಂದೆ ನಿರಾಕರಿಸಿದ ಪಟ್ಟದ ಆಭರಣವನ್ನು, ಅಣ್ಣನಿರುವಾಗಲೇ, ವಂಶದ ಹಗೆಯ ಕೈಯಿಂದ ಹಾಕಿಸಿಕೊಂಡನೆಂದಾಯಿತು! ಕುಲೋತ್ತುಂಗನ ಶಾಸನಗಳು ಮತ್ತೊಂದು ರಾಗ ತೆಗೆಯುತ್ತವೆ. ಕೋಲಾರ ಸೀಮೆಯ ನಂಗಲಿಯಿಂದ ತುಂಗಭದ್ರೆಯವರೆಗೆ ‘ವಿಕ್ಕಲ’ನನ್ನು ಬೆನ್ನಟ್ಟಿ ಓಡಿಸಿದೆವು ಎಂದು ಅವು ಬೀಗುತ್ತವೆ. ಬಿಲ್ಹಣನಲ್ಲಿ ಓಡಿದವನು ರಾಜಿಗ. ಇಲ್ಲಿ ಓಡಿದವನು ವಿಕ್ರಮ.

ಆಹವಮಲ್ಲನ ಸಾವನ್ನೂ ಹೀಗೆಯೇ ಎರಡು ಕಡೆಯಿಂದ ನೋಡಬಹುದು. ಯುದ್ಧಕ್ಕೆ ಬಾ ಎಂದು ತಾನೇ ಕರೆ ಕಳುಹಿಸಿದ ಆಹವಮಲ್ಲ ಹೇಳಿದ ಜಾಗಕ್ಕೆ ಬರಲಿಲ್ಲವೆಂದು ವೀರರಾಜೇಂದ್ರ ಮೂದಲಿಸುತ್ತಾನೆ. ಒಂದು ತಿಂಗಳು ಕಾದು, ತುಂಗಭದ್ರೆಯ ದಂಡೆಯಲ್ಲಿ ಜಯಸ್ತಂಭ ನೆಟ್ಟೆನೆನ್ನುತ್ತಾನೆ. ಅವನ ಮಾತಿನಲ್ಲಿ ಅದು ಹೇಡಿತನ. ಚಾಲುಕ್ಯರ ಶಾಸನದಲ್ಲಾದರೋ, 1068ರ ಮಾರ್ಚಿಯಲ್ಲಿ ಕುರುವತ್ತಿಯ ಬಳಿ ದೊರೆ ಪರಮಯೋಗದಿಂದ ತುಂಗಭದ್ರೆಯಲ್ಲಿ ದೇಹ ಬಿಟ್ಟು ಸ್ವರ್ಗವೇರಿದನು. ಬಿಲ್ಹಣ ಹೇಳುವ ಜ್ವರವನ್ನು ನಡುವೆ ಇಟ್ಟು ನೋಡಿದರೆ, ಬರಲಾಗದ ರೋಗಿಯೊಬ್ಬನ ಚಿತ್ರ ನಮ್ಮ ಕಣ್ಣಿಗೆ ಕಟ್ಟುತ್ತದೆ. ಅದೇ ಮೌನ ವೈರಿಗೆ ಹೇಡಿತನವಾಗಿ, ಮಕ್ಕಳಿಗೆ ಯೋಗವಾಗಿ ಕಂಡಿದೆ.

ಈಗ ಯಾರನ್ನು ನಂಬೋಣ? ಈ ಪ್ರಶ್ನೆಗೆ ಉತ್ತರ ಹುಡುಕುವ ದಾರಿಯನ್ನು ತೋರಿಸುವವನು ಕೂಡ ಕಲ್ಯಾಣದಲ್ಲಿಯೇ ಇದ್ದನೆಂಬುದು ನನಗೆ ಅತ್ಯಂತ ಸ್ವಾರಸ್ಯವಾಗಿ ಕಾಣುತ್ತದೆ. ಅವನು ವಿಜ್ಞಾನೇಶ್ವರ. ಬಿಲ್ಹಣನಂತೆಯೇ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿದ್ದವನು. ಯಾಜ್ಞವಲ್ಕ್ಯಸ್ಮೃತಿಗೆ ಅವನು ಬರೆದ ‘ಮಿತಾಕ್ಷರಾ’ ವ್ಯಾಖ್ಯಾನದ ಹೆಸರನ್ನು ಅಣ್ಣತಮ್ಮಂದಿರ ಆಸ್ತಿಯ ವ್ಯಾಜ್ಯ ಕಂಡ ಮನೆಗಳವರು ಕೇಳಿಯೇ ಇರುತ್ತೀರಿ. ಹಿಂದೂ ಕುಟುಂಬದ ಪಾಲಿನ ವಿಚಾರದಲ್ಲಿ ನ್ಯಾಯಾಲಯಗಳು ಬಹುಕಾಲ ಆಧಾರವಾಗಿ ಹಿಡಿದ ಗ್ರಂಥವದು. ಕಲ್ಯಾಣದಂಥ ನಗರ ಹಿಂದೆ ಇರಲಿಲ್ಲ, ವಿಕ್ರಮಾರ್ಕನಂಥ ರಾಜನಿಲ್ಲವೆಂದು ಗ್ರಂಥದ ಕೊನೆಗೆ ಅವನೂ ಹೊಗಳಿದ್ದಾನೆ. ಆದರೆ ಹೊಗಳಿಕೆ ಕೊನೆಯ ಪುಟದಲ್ಲಿ ನಿಂತಿದೆ, ವಿಚಾರದೊಳಗೆ ಕಾಲಿಟ್ಟಿಲ್ಲ.

ಸಾಕ್ಷಿಗಳ ಪ್ರಕರಣದಲ್ಲಿ ಯಾರ ಮಾತನ್ನು ಸಾಕ್ಷ್ಯವಾಗಿ ಸ್ವೀಕರಿಸಬಾರದೆಂಬುದಕ್ಕೆ ಸ್ಮೃತಿ ದೊಡ್ಡ ಪಟ್ಟಿಯನ್ನೇ ಕೊಡುತ್ತದೆ. ಅದರಲ್ಲಿ ಕೆಲವು ಹೆಸರುಗಳನ್ನು ಗಮನಿಸಿ: ಆಪ್ತನು, ವ್ಯವಹಾರದಲ್ಲಿ ಲಾಭದ ಸಂಬಂಧವುಳ್ಳವನು, ಸಹಾಯಕನು, ಶತ್ರು. ಈ ಅಳತೆಗೋಲನ್ನು ನಮ್ಮ ಕಥೆಗೆ ಹಚ್ಚಿ ನೋಡಿ. ಬಿಲ್ಹಣ ರಾಜನಿಗೆ ಆಪ್ತ; ವಿದ್ಯಾಪತಿಯ ಪದವಿ ಪಡೆದ ಲಾಭದ ಸಂಬಂಧವೂ ಅವನಿಗುಂಟು. ವೀರರಾಜೇಂದ್ರ ಮಾವನಾದ್ದರಿಂದ ಸಹಾಯಕ. ಕುಲೋತ್ತುಂಗ ಶತ್ರು. ವಿಜ್ಞಾನೇಶ್ವರನ ಕಟ್ಟೆಯೆದುರು ಇವರಲ್ಲಿ ಒಬ್ಬನ ಮಾತೂ ನಿಲ್ಲಲಾರದು!

ಅದೇ ಗ್ರಂಥದಲ್ಲಿ ವಿಧಿಯ ವಿಚಾರವೂ ಬಂದಿದೆ. ರಾಜಧರ್ಮವನ್ನು ಹೇಳುವಲ್ಲಿ ಯಾಜ್ಞವಲ್ಕ್ಯನು, ಒಂದೇ ಗಾಲಿಯಿಂದ ರಥ ಹೇಗೆ ಓಡಲಾರದೋ ಹಾಗೆ ಮನುಷ್ಯಪ್ರಯತ್ನವಿಲ್ಲದೆ ದೈವವೊಂದೇ ಫಲಿಸಲಾರದು ಎಂಬ ಅಭಿಪ್ರಾಯವನ್ನು ಕೊಡುತ್ತಾನೆ. ವಿಜ್ಞಾನೇಶ್ವರ ಅದಕ್ಕೆ ವ್ಯಾಖ್ಯಾನ ಬರೆದನು. ಊರು ಒಂದೇ, ಒಡೆಯನೂ ಒಬ್ಬನೇ. ಕವಿ ಒಂದು ಗಾಲಿಯ ರಥವನ್ನು ಕಾವ್ಯದಲ್ಲಿ ಓಡಿಸುತ್ತಾನೆ. ಶಾಸ್ತ್ರಕಾರ ಎರಡನೆಯ ಗಾಲಿ ಎಲ್ಲಿ ಎಂದು ಕೇಳುತ್ತಾನೆ. ‘ಹಣೆಬರಹಕ್ಕೆ ಹೊಣೆ ಯಾರು’ ಎಂಬ ನಮ್ಮ ಗಾದೆಯನ್ನು ನಾವು ಸಮಾಧಾನಕ್ಕೆಂದು ಆಡುತ್ತೇವೆ. ಮಿತಾಕ್ಷರೆಯನ್ನು ಓದಿದವನು ಅದನ್ನು ನಿಜವಾದ ಪ್ರಶ್ನೆಯಾಗಿ ಕೇಳಬೇಕಾಗುತ್ತದೆ.

ಇಷ್ಟು ಹೇಳಿದ ಮೇಲೆ, ಬಿಲ್ಹಣ ಸುಳ್ಳುಗಾರ, ಅವನ ಕಾವ್ಯವನ್ನು ಅಟ್ಟದ ಮೇಲಿಡೋಣ ಎಂದು ನೀವು ತೀರ್ಮಾನಿಸಿದರೆ ಅದು ಅನ್ಯಾಯವಾದೀತು. ಮೊದಲನೆಯದಾಗಿ, ಅವನು ತನ್ನ ಗುಟ್ಟನ್ನು ಪೂರ್ತಿ ಬಚ್ಚಿಟ್ಟವನಲ್ಲ. ಕಾವ್ಯದ ಮೊದಲಲ್ಲಿಯೇ ರಾಜರಿಗೆ ಒಂದು ಎಚ್ಚರಿಕೆಯನ್ನು ಹೇಳಿಬಿಡುತ್ತಾನೆ. ಲಂಕೆಯ ದೊರೆಯ ಕೀರ್ತಿ ಮುದುಡಿಹೋದದ್ದು, ರಘುಕುಲದ ರಾಜಕುಮಾರ ಕೀರ್ತಿಗೆ ಪಾತ್ರನಾದದ್ದು, ಎಲ್ಲವೂ ಆದಿಕವಿಯ ಮಹಿಮೆ; ಆದ್ದರಿಂದ ರಾಜರು ಕವಿಗಳನ್ನು ಕೆಣಕಬಾರದು ಎಂಬುದು ಅವನ ಮಾತಿನ ಸಾರ. ಇದಕ್ಕಿಂತ ನೇರವಾಗಿ ಯಾವ ನಿರೂಪಕ ತನ್ನ ಕೈಚಳಕವನ್ನು ಒಪ್ಪಿಕೊಂಡಾನು? ಯಾರು ರಾಮ, ಯಾರು ರಾವಣ ಎಂಬುದು ಹೇಳುವವನ ಕೈಯಲ್ಲಿದೆಯೆಂದು ಸಾರಿ, ಆಮೇಲೆ ಅಣ್ಣತಮ್ಮಂದಿರ ಕಥೆಗೆ ಕೈಹಚ್ಚುತ್ತಾನೆ. ಕಿವಿಯುಳ್ಳ ಓದುಗನಿಗೆ ಇಷ್ಟು ಸೂಚನೆ ಸಾಕು.

ಎರಡನೆಯದಾಗಿ, ಕವಿಯ ವಕಾಲತ್ತು ಅತಿಯಾದ ಕಡೆಯಲ್ಲೇ ಸತ್ಯ ಸೋರಿ ಹೊರಬರುತ್ತದೆ. ವಿಕ್ರಮನಿಗೆ ರಾಜ್ಯದ ಆಸೆಯೇ ಇರಲಿಲ್ಲವೆಂದು ಒಮ್ಮೆ ಹೇಳಿದ್ದರೆ ನಾವು ನಂಬಿ ಮುಂದೆ ಹೋಗುತ್ತಿದ್ದೆವೇನೋ. ಮತ್ತೆ ಮತ್ತೆ ಹೇಳಿದ್ದರಿಂದ, ಇದನ್ನು ಯಾರೋ ಕೇಳಿದ್ದಿರಬೇಕು ಎನ್ನಿಸುತ್ತದೆ. ಕಲ್ಯಾಣದ ಬೀದಿಗಳಲ್ಲಿ ಪಿಸುಮಾತು ಇತ್ತೇ? ಹಳೆಯ ದೊರೆಯ ಉಪ್ಪುಂಡವರು ತಲೆ ಅಲ್ಲಾಡಿಸಿದ್ದರೇ? ಕಾವ್ಯದಲ್ಲಿ ಅವರ ಹೆಸರಿಲ್ಲ. ಆದರೆ ಕವಿ ಉತ್ತರ ಕೊಡುತ್ತಿರುವ ರೀತಿಯಿಂದಲೇ ಪ್ರಶ್ನೆಯ ದನಿ ಕೇಳಿಬರುತ್ತದೆ. ಬಾಗಿಲಾಚೆ ಒಬ್ಬರೇ ಮಾತನಾಡುತ್ತಿದ್ದರೂ, ಒಳಗೆ ಮತ್ತೊಬ್ಬರಿದ್ದಾರೆಂದು ನಮಗೆ ತಿಳಿಯುವುದಿಲ್ಲವೆ? ಹಾಗೆಯೇ ಇದು. ಈ ಕೇಳದ ದನಿಯೇ ಕಾವ್ಯದ ನಿಜವಾದ ಬಿಗುವು.

ಮೂರನೆಯದಾಗಿ, ಬಿಲ್ಹಣನಿಗೂ ಅವನದೇ ಆದ ವಿಧಿಯೊಂದಿತ್ತು. ಕೊನೆಯ ಸರ್ಗದಲ್ಲಿ ಅವನು ದೊರೆಯನ್ನು ಬಿಟ್ಟು ತನ್ನ ಕಾಶ್ಮೀರವನ್ನು ನೆನೆಯುತ್ತಾನೆ. ಹುಟ್ಟಿದೂರನ್ನೂ ತಂದೆತಾಯಿಗಳನ್ನೂ ಹೆಸರಿಸುತ್ತಾನೆ. ಅವನು ತೀರಿಕೊಂಡ ಮೇಲೆ, ಹನ್ನೆರಡನೆಯ ಶತಮಾನದ ನಡುವೆ, ಅವನ ನಾಡಿನವನೇ ಆದ ಕಲ್ಹಣನು ‘ರಾಜತರಂಗಿಣಿ’ಯಲ್ಲಿ ಅವನ ಸುದ್ದಿಯನ್ನು ಎತ್ತಿದ್ದಾನೆ. ಕರ್ಣಾಟದ ದೊರೆಯ ಮುಂದೆ ಆನೆಯ ಮೇಲೆ ಬಿಲ್ಹಣನ ಕೊಡೆ ಮೆರೆಯುತ್ತಿತ್ತಂತೆ. ಆದರೆ ಕವಿಗಳ ಬಂಧುವಾದ ಹರ್ಷನು ತನ್ನ ತಾಯ್ನಾಡಿನ ದೊರೆಯಾದನೆಂದು ಕೇಳಿದಾಗ, ಆ ವೈಭವವೆಲ್ಲ ಅವನಿಗೆ ಬರಿಯ ವಂಚನೆಯಾಗಿ ತೋರಿತಂತೆ. ಇತರರಿಗೆ ಭಾಗ್ಯವನ್ನು ಬರೆದು ಕೊಟ್ಟವನು ತನ್ನ ಭಾಗ್ಯವನ್ನು ತಪ್ಪು ಓದಿಕೊಂಡಿದ್ದನು.

ಕಲ್ಯಾಣದ ಮಟ್ಟಿಗೆ ಇದು ಒಂದೇ ಉದಾಹರಣೆಯಲ್ಲ. ವಿಕ್ರಮನ ಪೂರ್ವಿಕನಾದ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಹೊಗಳಲು ರನ್ನನು ‘ಗದಾಯುದ್ಧ’ವನ್ನು ಬರೆದನು. ಭೀಮನೇ ನಾಯಕ, ಗೆಲ್ಲುವವನೂ ಅವನೇ. ಆದರೆ ಶವಗಳ ನಡುವೆ ತಡವರಿಸುತ್ತ, ಸತ್ತ ಬಂಧುಗಳನ್ನು ಗುರುತಿಸುತ್ತ ನಡೆಯುವ ದುರ್ಯೋಧನನ ಕಡೆಗೆ ನಮ್ಮ ಕರುಳು ಹರಿಯುತ್ತದೆ. ರನ್ನನ ಹೊಗಳಿಕೆ ಒಡೆಯನಿಗೆ ಸಂದಿತು. ಅವನ ಕಣ್ಣೀರು ಮಾತ್ರ ಬೇರೆ ಕಡೆಗೆ ಹೋಯಿತು. ಸೋತವನಿಗೂ ಕಾವ್ಯದಲ್ಲಿ ಜಾಗವಿರಬೇಕೆಂಬುದನ್ನು ಅವನು ಬಲ್ಲವನಾಗಿದ್ದನು.

ವಿಕ್ರಮನ ತರುವಾಯ, ಹನ್ನೆರಡನೆಯ ಶತಮಾನದಲ್ಲಿ, ಕಳಚೂರಿ ಬಿಜ್ಜಳನು ಕಲ್ಯಾಣವನ್ನು ಹಿಡಿದನು. 1167ರಲ್ಲಿ ಅವನು ಮಗ ಸೋವಿದೇವನಿಗೆ ರಾಜ್ಯವನ್ನು ಒಪ್ಪಿಸಿದನೆಂದು ಶಾಸನಗಳಿಂದ ತಿಳಿಯುತ್ತದೆ. ಅವನ ಸಾವನ್ನು ಮಾತ್ರ ವೀರಶೈವ ಪುರಾಣಗಳು ಒಂದು ರೀತಿ ಹೇಳಿದವು, ಜೈನರ ಬಿಜ್ಜಳರಾಯಚರಿತೆ ಇನ್ನೊಂದು ರೀತಿ ಹೇಳಿತು. ಅಲ್ಲಿ ಜಗದೇವನೇ ಮೊದಲಾದವರ ಕತ್ತಿ, ಇಲ್ಲಿ ವಿಷ. ಬಳಿಕ ಕಾಲಜ್ಞಾನದ ವಚನಗಳು ಬೆಳೆದು, ಆಗಿಹೋದ ವಿಪ್ಲವವನ್ನು ಆಗಲಿರುವ ಭವಿಷ್ಯವೆಂಬಂತೆ ಹಾಡಿದವು. ಜಲಸಂಗ್ವಿಯ ಕಲ್ಲಿನ ಕೈ ಅಲ್ಲಿಯೂ ಕೆಲಸ ಮಾಡಿತೆನ್ನಬೇಕು. ಇವುಗಳಲ್ಲಿ ಒಂದನ್ನು ಪೂರ್ತಿ ನಂಬಿ ಮತ್ತೊಂದನ್ನು ಪೂರ್ತಿ ತಳ್ಳುವುದು ಸುಲಭ. ಪ್ರತಿಯೊಂದೂ ಯಾರ ನೋವಿನಿಂದ ಹುಟ್ಟಿತು, ಯಾರಿಗೆ ಸಮಾಧಾನ ಹೇಳಲು ಹುಟ್ಟಿತು ಎಂದು ವಿಚಾರಿಸುವುದು ಕಷ್ಟ. ಚರಿತ್ರೆಯ ಕೆಲಸ ಆ ಕಷ್ಟದ ಕೆಲಸ.

ಮತ್ತೆ ಎರಡನೆಯ ಸೋಮೇಶ್ವರನ ಮಾತಿಗೆ ಬರೋಣ. 1068ರ ಏಪ್ರಿಲಿನಲ್ಲಿ ಪಟ್ಟವೇರಿದ ಭುವನೈಕಮಲ್ಲ ಎಂಟು ವರ್ಷ ಆಳಿದನು. ಅವನ ಶಾಸನಗಳು ಉಳಿದಿವೆ. ದಾನ ಕೊಟ್ಟದ್ದು, ಗುಡಿಬಸದಿಗಳಿಗೆ ಭೂಮಿ ಬಿಟ್ಟದ್ದು ಅವುಗಳಲ್ಲಿವೆ. ಬಿಲ್ಹಣ ಬಣ್ಣಿಸುವ ಮದೋನ್ಮತ್ತ ಅವುಗಳಲ್ಲಿ ಕಾಣುವುದಿಲ್ಲ. ಶಾಸನಗಳೂ ತಮ್ಮ ಒಡೆಯನ ದೋಷವನ್ನು ಹೇಳುವುದಿಲ್ಲವೆಂಬುದು ನಿಜವೇ. ಅವೂ ಆಪ್ತರ ಮಾತೇ. ಆದರೂ ಸೆರೆಯಾದ ಮೇಲೆ ಆ ದೊರೆ ಎಲ್ಲಿ ಇದ್ದನು, ಏನು ಹೇಳಿದನು, ತಮ್ಮನ ಐವತ್ತು ವರ್ಷಗಳ ವೈಭವದಲ್ಲಿ ಎಷ್ಟನ್ನು ಕಂಡನು ಎಂದು ಹಾಡಲು ಅವನಿಗೊಬ್ಬ ಕವಿ ಸಿಕ್ಕಲಿಲ್ಲ. ಕನಸು ಅವನಿಗೂ ಬಿದ್ದಿರಬಹುದು. ಬರೆದುಕೊಳ್ಳುವವರು ಇರಲಿಲ್ಲ.

ಇದು ಒಂಬತ್ತು ನೂರು ವರ್ಷಗಳ ಹಿಂದಿನ ರಾಜರ ಮಾತಷ್ಟೇ ಎಂದು ನೀವು ಅಂದುಕೊಳ್ಳಬಾರದು. ನಿರ್ಣಾದಲ್ಲಾಗಲಿ, ನಿಮ್ಮ ಊರಿನಲ್ಲಾಗಲಿ, ಅಣ್ಣತಮ್ಮಂದಿರು ಬೇರೆಯಾದ ಮನೆಯೊಂದು ಇದ್ದೇ ಇರುತ್ತದೆ. ಹೊಲ ಯಾರ ಪಾಲಿಗೆ ಬಂತೋ ಅವರ ಮನೆಯ ಜಗಲಿಯಲ್ಲಿ ಆ ಕಥೆಯನ್ನು ಕೇಳಿ. ‘ನಮಗೆ ಬೇಕಿರಲಿಲ್ಲ, ದೈವ ಹಾಗೆ ತಂದಿತು’ ಎನ್ನುತ್ತಾರೆ. ಎರಡು ಮನೆ ಆಚೆ ಹೋಗಿ ಅದೇ ಕಥೆಯನ್ನು ಕೇಳಿದರೆ ದೈವದ ಹೆಸರೇ ಬರುವುದಿಲ್ಲ. ಮನುಷ್ಯರ ಹೆಸರುಗಳು ಬರುತ್ತವೆ. ಗೆದ್ದವರು ವಿಧಿಯನ್ನು ನೆನೆಯುತ್ತಾರೆ, ಸೋತವರು ಕೈಗಳನ್ನು ನೆನೆಯುತ್ತಾರೆ. ಎರಡೂ ಮನೆಯ ಜಗಲಿಯಲ್ಲಿ ಕುಳಿತು ಬಂದವನಿಗೆ ಮಾತ್ರ ಕಥೆಯ ಪೂರ್ಣ ರೂಪ ದೊರಕೀತು.

ಆದುದರಿಂದ ಹಳೆಯ ಕಾವ್ಯವನ್ನು ಓದುವಾಗ, ಇಲ್ಲವೇ ಬಾನುಲಿಯಲ್ಲಿ ಗಮಕಿಯ ಬಾಯಿಂದ ಕೇಳುವಾಗ, ರಸವನ್ನು ಬೇಡವೆನ್ನಬೇಡಿ. ಬಿಲ್ಹಣನ ವಿಕ್ರಮನೊಡನೆ ಅಳಬೇಕಾದಲ್ಲಿ ಅಳಿ. ಆದರೆ ಆಕಾಶವಾಣಿ ಮೊಳಗಿದ ಕೂಡಲೆ ಒಂದು ಗಳಿಗೆ ನಿಂತು, ಈಗ ಯಾವ ಪ್ರಶ್ನೆಯ ಬಾಯಿ ಮುಚ್ಚಿಸಲಾಯಿತು ಎಂದು ಕೇಳಿಕೊಳ್ಳಿ. ಕವಿಗೆ ಅದರಿಂದ ಅವಮಾನವಾಗುವುದಿಲ್ಲ. ರಾಮರಾವಣರ ಕೀರ್ತಿಯ ಗುಟ್ಟನ್ನು ಹೇಳಿಕೊಟ್ಟವನು ಅವನೇ ತಾನೆ?

ಜಲಸಂಗ್ವಿಯ ಆ ಕಲ್ಲಿನ ಹೆಣ್ಣು ಇನ್ನೂ ಬರೆಯುತ್ತಲೇ ಇದ್ದಾಳೆ. ಅವಳ ವಾಕ್ಯದ ವಿಕ್ರಮಾದಿತ್ಯ ಏಳು ದ್ವೀಪಗಳ ಭೂಮಿಯನ್ನು 'ಪಡೆಯುವನು' ಎಂಬ ಕ್ರಿಯಾಪದದಲ್ಲಿಯೇ ನಿಂತಿದ್ದಾನೆ. ಅವನ ರಾಜ್ಯ ಹೋಯಿತು, ಅವನ ವರ್ಷಗಣನೆಯೂ ಹೋಯಿತು. ಅವಳ ಎದುರು ನಿಂತಾಗ ಆ ಚೆಲುವನ್ನು ಕಣ್ತುಂಬ ನೋಡಿ. ಹಿಂದಿರುಗುವ ಮೊದಲು, ಆ ಫಲಕದ ಮೇಲೆ ಜಾಗ ಸಿಕ್ಕದೆ ಹೋದ ಅಣ್ಣನನ್ನೂ ಒಮ್ಮೆ ನೆನೆಯಿರಿ.